ಒಂದು ಹಿಡಿ ಹಳೆ ಹೊಟ್ಟು

ಫಕೀರವ್ವ ನನ್ನ ತಾಯಿಗೆ ಮಾತು ಕೊಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ.

ನಾನು ಒಂದು ಬಿಳಿ ಇಲಿ. ಧಾರವಾಡದ ಹೊರಗೆ ಒಂದು ಸಂಶೋಧನಾ ಕೇಂದ್ರವಿದೆ. ಅದರ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ; ಎಲ್ಲರೂ ಅದನ್ನು ಇಲಿ ಮನೆ ಅನ್ನುತ್ತಾರೆ. ನನ್ನ ತಾಯಿ ಮೊದಲ ಸಲ ಹೆತ್ತದ್ದು ಅಲ್ಲಿಯೇ. ಮಾರನೆಯ ದಿನ ಪಂಜರ ತೊಳೆಯುವ ಗುರುವಾರ. ಫಕೀರವ್ವ ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೆ. ಗೋಡೆಗೆ ಅಂಟಿಸಿದ್ದ ನಿಯಮದಂತೆ ಬಾಣಂತಿಯನ್ನೂ ಮರಿಗಳನ್ನೂ ಎತ್ತಿ, ತೊಳೆದ ಪಂಜರದಲ್ಲಿ ಹೊಸ ಮರದ ಹೊಟ್ಟಿನ ಮೇಲೆ ಬಿಟ್ಟಳು. ಅಲ್ಲಿ ತನ್ನ ವಾಸನೆಯೇ ಸಿಗದೆ ತಾಯಿ ಬೆದರಿದಳು. ಬೆಳಿಗ್ಗೆ ನೋಡಿದರೆ ಮರಿಗಳಿಲ್ಲ. ತಾಯಿಯ ಬಾಯಿ ಕೆಂಪಾಗಿತ್ತು.

ಫಕೀರವ್ವ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತಳಂತೆ. "ತಪ್ಪು ನಿಂದಲ್ಲವ್ವಾ, ನಂದು. ಇನ್ನ ಮ್ಯಾಲೆ ನಿನ್ನ ಮಕ್ಕಳನ್ನ ಬರೇ ಹೊಸಾ ಹೊಟ್ಟಿನಾಗ ಬಿಡಂಗಿಲ್ಲ. ಹಳೇದು ಒಂದ ಹಿಡಿ ಹಾಕಿನ ಬಿಡತೀನಿ." ಈ ಕಥೆಯನ್ನು ಅವಳೇ ಗುರುವಾರಕ್ಕೊಂದು ಸಲ ನಮಗೆ ಹೇಳುತ್ತಿದ್ದಳು.

ಎರಡನೆಯ ಸೂಲಿನಲ್ಲಿ ನಾವು ಐದು ಹೆಣ್ಣುಗಳು ಉಳಿದೆವು. ನಮ್ಮ ವಂಶಕ್ಕೊಂದು ಕೇಡಿದೆ. ಮೈಯೊಳಗಿನ ಕಾವಲುಗಾರರಿಗೆ ಮನೆಯವರು ಯಾರು, ಕಳ್ಳರು ಯಾರು ಎಂಬ ಗುರುತು ತಪ್ಪುತ್ತದೆ. ವಯಸ್ಸಾದಂತೆ ಅವರು ಕಾಯಬೇಕಾದ ಮನೆಗೇ ನುಗ್ಗುತ್ತಾರೆ. ನಮ್ಮನ್ನು ಸಾಕುವುದೂ ಅದಕ್ಕೇ. ತಾಯಿಯ ಮೂತ್ರಪಿಂಡಗಳು ಹಾಗೆಯೇ ಹೋದವು. ಒಂದು ಬೆಳಿಗ್ಗೆ ಅವಳನ್ನು ಮೂಲೆಯ ನೀಲಿ ಬಾಗಿಲಿನಿಂದ ಒಯ್ದರು. ಆ ಬಾಗಿಲಿನಿಂದ ಹೋದವರು ತಿರುಗಿ ಬಂದದ್ದಿಲ್ಲ.

ಅಂದಿನಿಂದ ನನಗೆ ಹೆದರಿಕೆ. ಬೆಕ್ಕಿನದಲ್ಲ, ಬೆಕ್ಕನ್ನು ನಾನು ಕಂಡೇ ಇಲ್ಲ. ನನ್ನೊಳಗೇ ಯಾರೋ ಬಡಿಗೆ ಹಿಡಿದು ಕೂತಿದ್ದಾರೆ ಎಂಬ ಹೆದರಿಕೆ.

ಆ ಹೆದರಿಕೆ ಕಡಿಮೆಯಾಗುತ್ತಿದ್ದುದು ಗುರುವಾರ ಮಾತ್ರ. ಫಕೀರವ್ವ ಹಳೆ ಪಂಜರದಿಂದ ಒಂದು ಹಿಡಿ ಹೊಟ್ಟು ತೆಗೆದು ಹೊಸದರ ಮೂಲೆಗೆ ಹಾಕುವಳು. ಆಮೇಲೆ ಅದೇ ಕೈಯಿಂದ ನಮ್ಮನ್ನು ಎತ್ತುವಳು. ಕೈಯೂ ನಮ್ಮ ವಾಸನೆ, ಮೂಲೆಯೂ ನಮ್ಮ ವಾಸನೆ. ನಾವು ಓಡಿ ಹೋಗಿ ಆ ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು.

ಪಕ್ಕದ ಪಂಜರದಲ್ಲಿ ಚಿಕ್ಕಮ್ಮನ ಐದು ಹೆಣ್ಣುಮಕ್ಕಳು. ಅವರನ್ನು ನೋಡಿಕೊಳ್ಳುವವನು ಕಲ್ಮೇಶಿ. ಅವನದು ಅಕ್ಷರಶಃ ಗೋಡೆಯ ನಿಯಮ; ಹಳೆ ಹೊಟ್ಟು ಒಂದು ಚೂರೂ ಉಳಿಸುವುದಿಲ್ಲ.

"ಚಿಗವ್ವಾ, ನಾಳೆ ಇವಕ್ಕ ತೊಟ್ಟಿಲಾನೂ ಕಟ್ಟತೀ ಏನು?" ಎಂದು ಅವನು ಫಕೀರವ್ವನನ್ನು ಕೆಣಕುವನು.

"ಕಟ್ಟತೀನಿ. ತೂಗಾಕ ನಿನ್ನ ಕರೀತೀನಿ," ಅನ್ನುವಳು ಅವಳು.

ಒಂದು ದಿನ ನಮ್ಮ ಮೇಲೆ ಪರೀಕ್ಷೆ ನಡೆಸುವ ಶೈಲಶ್ರೀ ಮೇಡಂ ಬಂದರು. ಎರಡೂ ಪಂಜರದವರ ಹೊಟ್ಟೆಯ ಕೂದಲು ಬೋಳಿಸಿ ಏನೋ ಕಟುವಾದ ಔಷಧಿ ಹಚ್ಚಿದರು. ವಾರದ ಮೇಲೆ ಅದನ್ನೇ ಬಲಗಿವಿಗೆ ಹಚ್ಚಿದರು. ಚರ್ಮ ಅದನ್ನು ನೆನಪಿಟ್ಟುಕೊಂಡು ಕೆರಳುತ್ತದೆಯೇ ಎಂದು ನೋಡುವುದಕ್ಕೆ. ಮಾರನೆಯ ದಿನ ಸಣ್ಣ ಗೇಜಿನ ತಣ್ಣನೆಯ ಹಲ್ಲುಗಳ ನಡುವೆ ಕಿವಿ ಹಿಡಿದು ದಪ್ಪ ಅಳೆದರು. ನನಗೆ ಉಚ್ಚೆ ಹೋಯಿತು.

ಚಿಕ್ಕಮ್ಮನ ಮಕ್ಕಳ ಕಿವಿ ಕರಿದ ಹಪ್ಪಳದಂತೆ ಉಬ್ಬಿದ್ದವು. ನಮ್ಮವು ಅದರ ಅರ್ಧವೂ ಇಲ್ಲ. ಮೇಡಂ ಮೂರು ಸಲ ಅಳೆದು, ಗೇಜು ಕೆಳಗಿಟ್ಟರು.

"ಫಕೀರವ್ವಾ, ಈ ಪಂಜರಕ್ಕೆ ಏನು ಮಾಡ್ತಿದ್ದೀರಿ ನೀವು?"

"ಹಳೇ ಹೊಟ್ಟು ಹಾಕೇನ್ರಿ. ಒಂದ ಹಿಡಿ."

"ಯಾವಾಗಿಂದ?"

"ಇವು ಹುಟ್ಟಿದಾಗಿಂದ್ರಿ."

ಮೇಡಂ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತರು. "ಮೈಯಲ್ಲಿ ಹುಟ್ಟಿನಿಂದಲೇ ಮೊದಲ ಸಾಲಿನ ಕಾವಲು ಅಂತ ಒಂದಿರುತ್ತೆ. ಅದು ವಿಚಾರಣೆ ಮಾಡಲ್ಲ, ಮೊದಲು ಬಡಿಯುತ್ತೆ. ಅದು ಕೂಗಿಕೊಂಡರೇ ಹಿಂದಿನ ಪಡೆ ಏಳೋದು. ಹಳೇ ಹೊಟ್ಟಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳು ಇರ್ತವಲ್ಲ, ದಿನಾ ಅವನ್ನ ನೋಡಿ ನೋಡಿ ಇವುಗಳ ಕಾವಲು ಪಳಗಿರಬಹುದು. ನನ್ನ ಔಷಧಿಗೆ ಅಷ್ಟಾಗಿ ಕೂಗಾಡಿಲ್ಲ."

"ನಮ್ಮ ಓಣಿ ನಾಯಿ ಹಂಗ್ರಿ," ಅಂದಳು ಫಕೀರವ್ವ. "ದಿನಾ ಮಂದಿ ನೋಡಿದ್ದು ಸುಮ್ಮನಿರತೈತಿ. ಕಟ್ಟಿ ಹಾಕಿದ್ದು ಎಲಿ ಬಿದ್ರೂ ಬೊಗಳತೈತಿ."

"ಇರಬಹುದು. ಬರೀ ಆಕಸ್ಮಿಕವೂ ಇರಬಹುದು. ಅದಲು ಬದಲು ಮಾಡಿ ನೋಡ್ಬೇಕು. ಇನ್ನು ಆ ಪಂಜರಕ್ಕೆ ಹಳೇ ಹೊಟ್ಟು ಹಾಕಿ. ಇದಕ್ಕೆ ಬೇಡ."

"ಅದೊಂದ ಆಗೂದಿಲ್ರಿ. ಇವುಗಳವ್ವಗ ಮಾತು ಕೊಟ್ಟೇನಿ."

"ಇಲಿಗಾ?"

"ಇಲಿಗೂ ಕಿವಿ ಅದಾವಲ್ರಿ. ನೀವ ಅಳೀತೀರಿ."

ಕಲ್ಮೇಶಿ ಕಿಸಕ್ಕೆಂದ. ಮೇಡಂ ಮುಖದಲ್ಲೂ ನಗೆ ಬಂದು ಹೋಯಿತು. ಆಮೇಲೆ ಮೆಲ್ಲಗೆ ಹೇಳಿದರು: "ನಿಯಮ ತಪ್ಪಿದ ಪಂಜರ ಅಂತ ನಾನು ಬರೀಲೇಬೇಕು. ಅಲ್ಲಿಗೇ ಬಿಟ್ಟರೆ ಇವು ಯಾವ ಕೆಲಸಕ್ಕೂ ಬರಲ್ಲ. ಕೆಲಸಕ್ಕೆ ಬಾರದವನ್ನ ಯಾವ ಬಾಗಿಲಿಂದ ಒಯ್ತಾರೆ, ನಿಮಗೇ ಗೊತ್ತು. ಪರೀಕ್ಷೆ ಮುಂದುವರಿದರೆ ಇವೂ ಇರ್ತವೆ."

ಫಕೀರವ್ವ ನೀಲಿ ಬಾಗಿಲನ್ನು ನೋಡಿದಳು. ನಮ್ಮನ್ನು ನೋಡಿದಳು. "ಗುರುವಾರ ಮಾಡ್ತೇನ್ರಿ," ಅಂದಳು.

ಆ ಗುರುವಾರ ಅವಳು ಕಥೆ ಹೇಳಲಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಹೊಸ ಗ್ಲೌಸು ಹಾಕಿಕೊಂಡಳು. ಮಾಡುವುದಿದ್ದರೆ ಮೋಸವಿಲ್ಲದೆ ಮಾಡಬೇಕು ಎನ್ನುವ ಹೆಂಗಸು. ಕೈ ಒಳಗೆ ಬಂತು. ಯಾರ ಕೈ? ವಾಸನೆ ಇಲ್ಲ. ರಬ್ಬರು ಮಾತ್ರ. ನಾನು ವಿಚಾರಿಸಲಿಲ್ಲ. ಕಚ್ಚಿದೆ.

ಗ್ಲೌಸು ತೂತಾಯಿತು. ರಕ್ತ ನಾಲಿಗೆಗೆ ತಾಗಿದ ಮೇಲೆ ಗೊತ್ತಾಯಿತು, ಅವಳೇ. ನನ್ನೊಳಗಿನ ಕಾವಲುಗಾರರು ನನಗೆ ಮಾಡುವುದನ್ನೇ ನಾನು ಅವಳಿಗೆ ಮಾಡಿದ್ದೆ.

ಅವಳು ಕೈ ಕೊಡವಲಿಲ್ಲ. "ಕಚ್ಚವ್ವಾ," ಅಂದಳು. "ನಿನ್ನ ಹಕ್ಕೈತಿ." ಆಮೇಲೆ ನನ್ನನ್ನು ಹೊಸ ಹೊಟ್ಟಿನ ಮೇಲೆ ಬಿಟ್ಟಳು.

ನಾಲ್ಕೂ ಮೂಲೆ ಹುಡುಕಿದೆ. ಯಾವ ಮೂಲೆಯಲ್ಲೂ ನಾವಿರಲಿಲ್ಲ. ಅಕ್ಕತಂಗಿಯರು ಒಬ್ಬರನ್ನೊಬ್ಬರು ಮೂಸಿ, ಗುರುತು ಸಿಗದೆ ಕಚ್ಚಾಡಿದರು. ಹೀಗೆ ಆರು ಗುರುವಾರ. ಮತ್ತೆ ಔಷಧಿ, ಈ ಸಲ ಎಡಗಿವಿಗೆ. ಮರುದಿನ ಆ ಕಿವಿ ಕೆಂಡದಂತೆ ಸುಡುತ್ತ ಜೋತುಬಿತ್ತು. ಪಕ್ಕದ ಪಂಜರದವರ ಕಿವಿ ಈ ಸಲ ಅಷ್ಟಾಗಿ ಉಬ್ಬಿರಲಿಲ್ಲ.

"ಹತ್ತು ಇಲಿ ನೋಡಿ ಏನೂ ಹೇಳಕ್ಕಾಗಲ್ಲ," ಅಂದರು ಮೇಡಂ. "ಆದರೆ ಇದನ್ನ ಇನ್ನೂ ಕೇಳ್ಬೇಕು." ನಮ್ಮ ಪಂಜರಕ್ಕೆ 'ಇರಲಿ' ಎಂದು ಒಂದು ಚೀಟಿ ಅಂಟಿಸಿದರು.

ಈಗ ನಾನು ಮುದುಕಿ. ಕೆಳಗಿನ ಸಾಲಿನ ಮೂಲೆಯಲ್ಲಿ ಒಬ್ಬಳೇ ಇದ್ದೇನೆ. ಉಳಿದ ನಾಲ್ವರೂ ತಾಯಿಯ ಹಾಗೆ ಒಳಗಿನವರ ಕೈಯಲ್ಲೇ ಹೋದರು. ನನ್ನ ಎಡಗಿವಿ ಒಣಗಿದ ಎಲೆಯಂತೆ ಮುದುಡಿದೆ. ಪರೀಕ್ಷೆ ಮುಗಿದ ಮೇಲೆ ಫಕೀರವ್ವ ಮತ್ತೆ ಹಳೆ ಹೊಟ್ಟು ಹಾಕುತ್ತಾಳೆ, ತಾಯಿಯ ಕಥೆ ಮಾತ್ರ ಹೇಳುವುದಿಲ್ಲ. ಅವಳ ಬೆರಳಿನಲ್ಲಿ ನನ್ನ ಹಲ್ಲಿನ ಎರಡು ಚುಕ್ಕೆ ಇವೆ. ಆ ಬೆರಳು ಒಳಗೆ ಬಂದಾಗ ನಾನು ಮೊದಲು ಮೂಸುತ್ತೇನೆ. ಬಹಳ ಹೊತ್ತು ಮೂಸುತ್ತೇನೆ. ಕಾವಲಿಗೆ ಬೇಕಾದದ್ದು ಅಷ್ಟೇ ಇರಬೇಕು. ನನ್ನೊಳಗಿನವರಿಗೆ ಇದನ್ನು ಹೇಳಿಕೊಡುವ ದಾರಿ ನನಗೆ ಗೊತ್ತಿಲ್ಲ. ಅವರು ಎದ್ದಿದ್ದಾರೆ, ಕೇಳಿಸುತ್ತದೆ.

ನಾನು ಇನ್ನೂ ಬದುಕಿದ್ದೇನೆ. ಫಕೀರವ್ವ ನನ್ನ ತಾಯಿಗೆ ಕೊಟ್ಟ ಮಾತನ್ನು ಮುರಿದಳು.