ಕೆಳಗೆ ಬಿಟ್ಟ ಜಾಗ

ಮೇಡಂ ಫೋನನ್ನು ಮೇಜಿನ ಮೇಲಿಟ್ಟು ಅದರ ಪಕ್ಕದಲ್ಲಿ ಅಡಿಕೋಲು ಇಟ್ಟರು. ಊರಿನವರು ಒಬ್ಬರಿಗೊಬ್ಬರು ಬರೆದುಕೊಳ್ಳುವ ಆ ಆ್ಯಪ್‌ನಲ್ಲಿ ಒಂದು ಸಲಕ್ಕೆ ಕಾಣುತ್ತಿದ್ದದ್ದು ಒಂದೂವರೆ ಪೋಸ್ಟ್. ಉಳಿದದ್ದೆಲ್ಲ ಬರೀ ಬಿಳಿ.

"ನೋಡಿ ಸರ್, 'ನಾಯಿ ಕಳೆದಿದೆ' ಅನ್ನೋ ಎರಡು ಪದಕ್ಕೆ ಅಂಗೈಯಗಲ ಜಾಗ. ನಾಯಿ ಅದರಲ್ಲೇ ಎಲ್ಲೋ ಮಲಗಿರಬೇಕು," ಎಂದರು. "ಶುಕ್ರವಾರದೊಳಗೆ ಒಂದು ಸ್ಕ್ರೀನಿಗೆ ನಾಲ್ಕು ಪೋಸ್ಟ್ ಕಾಣಬೇಕು. ನಿಮ್ಮ ಮೂರು ತಿಂಗಳೂ ಅವತ್ತಿಗೇ ಮುಗಿಯುತ್ತಲ್ಲ? ಖಾಯಂ ಮಾಡೋ ಮಾತು ಆಗ ಆಡೋಣ."

"ಆಗಲಿ ಮೇಡಂ," ಎಂದು ಅವನು ಫೋನ್ ಎತ್ತಿಕೊಂಡ. ವಯಸ್ಸು ಐವತ್ತೆರಡು. ಆ್ಯಪ್‌ಗೆ ರೂಪ ಕೊಡುವ ಈ ವಿದ್ಯೆಯನ್ನು ಸಂಜೆ ಕ್ಲಾಸಿನಲ್ಲಿ, ತನ್ನ ಅರ್ಧ ವಯಸ್ಸಿನವರ ಪಕ್ಕ ಕೂತು ಕಲಿತವನು. ಇಲ್ಲಿ ಯಾವ ಕೆಲಸ ಕೊಟ್ಟರೂ ತನಗೆ ಬಾರದೆಂದೇ ಹೆದರುತ್ತಿದ್ದ. ಇವತ್ತು ಮಾತ್ರ, ಇದು ತನಗೆ ಬರುತ್ತದೆ ಎನ್ನಿಸಿತು. ಹೆದರಿಕೆ ಇನ್ನೂ ಹೆಚ್ಚಾಯಿತು.

ಹಿಂದೆ ಅವನು ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅಲ್ಲಿ ಕ್ಯಾಂಟೀನಿನ ಬಾಗಿಲ ಪಕ್ಕ ಹಸಿರು ಬಟ್ಟೆ ಹೊದಿಸಿದ ನೋಟಿಸ್ ಬೋರ್ಡಿತ್ತು. ಹೆಸರಿಗೆ ಅದು ಕಂಪನಿಯದು. ತುಂಬಿರುತ್ತಿದ್ದದ್ದು ಕೆಲಸಗಾರರ ಚೀಟಿಗಳು. ಹಳೆಯ ಮಂಚ ಮಾರುವವರು, ಬಾಡಿಗೆ ಕೋಣೆ ಹುಡುಕುವವರು. "ನನ್ನ ಛತ್ರಿ ಒಯ್ದ ಪುಣ್ಯಾತ್ಮರು ಅದರ ಹಿಡಿಕೆಯನ್ನೂ ಒಯ್ಯಬಹುದು, ಅದು ನನ್ನ ಬಳಿಯೇ ಉಳಿದಿದೆ," ಎಂದು ಬರೆದವರೂ ಇದ್ದರು. ಒಬ್ಬೊಬ್ಬರೂ ನೋಟ್‌ಬುಕ್ಕಿನಿಂದ ಇಡೀ ಹಾಳೆ ಹರಿದು, ತುದಿಯಲ್ಲಿ ಎರಡು ಸಾಲು ಗೀಚಿ ಚುಚ್ಚಿ ಹೋಗುವವರು. ಮಂಗಳವಾರಕ್ಕೆಲ್ಲ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಕೂತಿರುತ್ತಿತ್ತು.

ಯಾರೂ ಹೇಳದಿದ್ದರೂ ಅವನೇ ಊಟದ ಬಿಡುವಿನಲ್ಲಿ ಕತ್ತರಿ ಹಿಡಿದು ನಿಂತ. ಮಾತೆಷ್ಟೋ ಚೀಟಿಯೂ ಅಷ್ಟೇ. ಹನ್ನೆರಡು ಹಿಡಿಯುತ್ತಿದ್ದ ಬೋರ್ಡು ನಲವತ್ತು ಹಿಡಿಯಿತು. ಜನ ಚಹಾ ಲೋಟ ಹಿಡಿದು ಅದರ ಮುಂದೆಯೇ ನಿಲ್ಲತೊಡಗಿದರು; ಓದುತ್ತ ನಗುವಾಗ ಎಣ್ಣೆ ಮೆತ್ತಿದ ಬೆರಳುಗಳ ಗುರುತು ಹಸಿರು ಬಟ್ಟೆಯ ಮೇಲೆಲ್ಲ ಬೀಳುತ್ತಿತ್ತು. ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷ. ಬೋರ್ಡು ಏನಾಯಿತೋ ದೇವರೇ ಬಲ್ಲ. ಅಲ್ಲಿ ಬಿದ್ದ ಅಡ್ಡಹೆಸರು ಮಾತ್ರ ಬಿಟ್ಟಿಲ್ಲ: ಇವತ್ತಿಗೂ ಹಳಬರು ರಸ್ತೆಯಲ್ಲಿ ಕಂಡರೆ, "ಏನೋ ಕತ್ತರಿ, ಬದುಕಿದ್ದೀಯಾ?"

ಕತ್ತರಿ ಅದೇ ಕೈಯಿಂದ ಫೋನಿನ ಬಿಳಿಯನ್ನೂ ಸವರಿದ. ಪ್ರತಿ ಪೋಸ್ಟಿಗೂ ಒಂದೇ ಅಳತೆಯ ಡಬ್ಬಿ ಇತ್ತು. ಚಿಕ್ಕ ಮಾತಿಗೆ ಚಿಕ್ಕ ಡಬ್ಬಿ ಮಾಡಿದ. ಹೆಸರು, ಸಮಯ ಎರಡನ್ನೂ ಒಂದೇ ಸಾಲಿಗೆ ತಂದ. ಪ್ರತಿ ಪೋಸ್ಟಿನ ಕೆಳಗೂ "ನೀವೇನಂತೀರಿ?" ಎಂದು ಬಾಯಿ ತೆರೆದು ಕೂತಿದ್ದ ಖಾಲಿ ಸಾಲನ್ನು ತೆಗೆದು, ಮೂಲೆಯಲ್ಲೊಂದು ಪುಟ್ಟ ಗುರುತು ಇಟ್ಟ. ಅದನ್ನು ಒತ್ತಿದರೆ ಉತ್ತರ ಬರೆಯಬಹುದು. ಬುಧವಾರ ನಾಲ್ಕು ಪೋಸ್ಟ್ ಕಂಡವು. ಮೇಡಂ ಖುಷಿಯಾಗಿ ಅವತ್ತೇ ಒಂದು ಬೀದಿಯವರ ಫೋನುಗಳಿಗೆ ಅದನ್ನು ಬಿಟ್ಟರು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಗುರುವಾರ ಅವನು ಯಾರೂ ಕೇಳದ ಒಂದು ಲೆಕ್ಕ ತೆಗೆದು ನೋಡಿದ. ಆ ಬೀದಿಯ ಜನ ಓದುವುದು ಹೆಚ್ಚಾಗಿತ್ತು. ಉತ್ತರ ಬರೆಯುವುದು ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. "ಅಪ್ಪನ ಕಾಲದ ರೇಡಿಯೋ ಇದೆ, ರಿಪೇರಿ ಬಲ್ಲವರು ಇದ್ದೀರಾ?" ಎಂದು ಅಲ್ಲಿಯ ಒಬ್ಬಾಕೆ ತಮ್ಮ ಬೀದಿಯವರನ್ನು ಕೇಳಿದ್ದರು. ನೂರಾರು ಜನ ಓದಿದ್ದರು. ಉತ್ತರ ಒಂದೂ ಇಲ್ಲ. ತಪ್ಪು ತನ್ನದೋ, ಜನರಿಗೇ ಬೇಜಾರೋ, ಅವನಿಗೆ ತಿಳಿಯಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿಗೆ ಫೋನ್ ಕೊಟ್ಟ. ಅವಳು ರೇಡಿಯೋ ಪೋಸ್ಟಿನ ಹತ್ತಿರ ನಿಂತಳು.

"ಪಾಪ! ಸೇತುವೆ ಪಕ್ಕದ ಗಡಿಯಾರದ ಅಂಗಡಿಯವನಿಗೆ ಇದು ಬರುತ್ತೆ. ಬರೆಯೋಣ ಅಂದ್ರೆ ಎಲ್ಲಿ ಬರೆಯೋದು ರೀ?"

"ಮೂಲೆಯಲ್ಲಿ ಗುರುತಿದೆಯಲ್ಲೇ."

"ಇದಾ? ನಾನು ನೊಣದ ಕಲೆ ಅಂದ್ಕೊಂಡೆ." ಕನ್ನಡಕ ಏರಿಸಿ ಅವನನ್ನೇ ನೋಡಿದಳು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಸೈಕಲ್ ಚೀಟಿಗೆ ಮಾಡಿದ್ದನ್ನೇ ಇದಕ್ಕೂ ಮಾಡಿದ್ದೀರಿ."

ಅವನಿಗೆ ಒಮ್ಮೆಲೇ ನೆನಪಾಯಿತು. ಅವಳು ಆಗ ಅದೇ ಕಾರ್ಖಾನೆಯ ಬಣ್ಣ ಹಾಕುವ ವಿಭಾಗದಲ್ಲಿದ್ದಳು. "ಭಾನುವಾರ ಸೈಕಲ್ ಕಲಿಸುತ್ತೇನೆ. ಕಲಿಯುವವರು ಕೆಳಗೆ ಹೆಸರು ಬರೆಯಿರಿ," ಎಂದು ಬರೆದು ಇಡೀ ಹಾಳೆ ಚುಚ್ಚಿದ್ದಳು. ಕೆಳಗೆ ಏನೂ ಇರಲಿಲ್ಲವಲ್ಲ, ಅವನು ಕತ್ತರಿಸಿಬಿಟ್ಟಿದ್ದ. ಮೂರನೆಯ ದಿನ ಅವಳು ಮೊಣಕೈವರೆಗೆ ನೀಲಿ ಬಣ್ಣ ಮೆತ್ತಿಕೊಂಡೇ ಉಗ್ರಾಣಕ್ಕೆ ನುಗ್ಗಿದಳು. "ಕೆಳಗೆ ಅಂದ್ರೆ ಎಲ್ರೀ ಬರೀಬೇಕು ಜನ? ನೆಲದ ಮೇಲಾ?" ಅವನು ತೊದಲುತ್ತ ಹೊಸ ಹಾಳೆ ಅಂಟಿಸಿದ. ಖಾಲಿ ಹಾಳೆ ನೋಡಿ ಪಾಪವೆನ್ನಿಸಿ ಮೊದಲ ಹೆಸರು ತನ್ನದೇ ಬರೆದ. ವಾರದಲ್ಲಿ ಹನ್ನೊಂದು ಹೆಸರಾದವು.

"ಸೈಕಲ್ ಬರ್ತಿತ್ತು ನಿಮಗೆ," ಎಂದಳು ಹೆಂಡತಿ. "ಕೆಲಸಕ್ಕೆ ಬರ್ತಿದ್ದದ್ದೇ ಸೈಕಲ್ ಮೇಲೆ. ಆರು ಭಾನುವಾರ ಬೇಕಂತಲೇ ಬಿದ್ರಿ."

"ಒಂದು ಸಲ ನಿಜವಾಗಿಯೂ ಬಿದ್ದೆ ಕಣೇ."

"ಅದು ನಾನು ನಕ್ಕಾಗ."

ಅವನು ಅವಳ ಕೈಯಿಂದ ಫೋನ್ ತೆಗೆದುಕೊಂಡ. ಅವಳ ಕೈಗಳಲ್ಲಿ ಈಗ ಆ ನೀಲಿಯಿಲ್ಲ. ಆ ಭಾನುವಾರಗಳ ಖಾಲಿ ಅಂಗಳ, ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದವಳ ಉಸಿರು ಅವನಿಗೆ ನೆನಪಾದವು.

ಶುಕ್ರವಾರ ಬೆಳಿಗ್ಗೆ ಬೇಗ ಹೋಗಿ ಖಾಲಿ ಸಾಲನ್ನು ಮತ್ತೆ ಹಾಕಿದ. ಎಷ್ಟು ಒತ್ತರಿಸಿದರೂ ಸ್ಕ್ರೀನಿಗೆ ಹಿಡಿಸಿದ್ದು ಮೂರೂವರೆ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತದೆ ಎಂದು ಗೊತ್ತಿತ್ತು. ಮೂರು ಸಲ ಮೇಡಂ ಬಾಗಿಲವರೆಗೆ ಹೋಗಿ ಬಂದ. ನಾಲ್ಕನೆಯ ಸಲ ಒಳಗೆ ಹೋಗಿ ಫೋನ್ ತೋರಿಸಿದ.

"ನಾಲ್ಕು ಬಂದಿತ್ತಲ್ಲ ಸರ್? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ತಿದ್ದೀರಿ," ಎಂದರು ಮೇಡಂ.

"ಬಂದಿತ್ತು ಮೇಡಂ. ಆದರೆ ಅದು ನನ್ನ ತಪ್ಪು. ಬಿಳಿಯೆಲ್ಲ ದಂಡ ಅಂದ್ಕೊಂಡೆ. ಈ ಒಂದು ಸಾಲು ಜನರಿಗೆ ಅಂತ ಬಿಟ್ಟದ್ದು." ಲೆಕ್ಕದ ಹಾಳೆ ಮುಂದಿಟ್ಟ. "ನನಗೆ ಅನ್ನಿಸಿದ್ದು ಅಷ್ಟೇ. ತಪ್ಪಿದ್ದರೂ ಇರಬಹುದು."

ಮೇಡಂ ಹಾಳೆಯನ್ನು ಎರಡು ಸಲ ಓದಿದರು. "ಸೋಮವಾರದವರೆಗೆ ಬಿಟ್ಟು ನೋಡೋಣ. ಖಾಯಂ ಮಾತು ಈಗ ಬೇಡ."

ಸೋಮವಾರದ ಹೊತ್ತಿಗೆ ರೇಡಿಯೋ ಪೋಸ್ಟಿನ ಕೆಳಗೆ ಹದಿನಾಲ್ಕು ಉತ್ತರಗಳಿದ್ದವು. ಅದರಲ್ಲಿ ಆರು, ಗಡಿಯಾರದ ಅಂಗಡಿಯವನು ಹೆಚ್ಚೋ ಮಾರುಕಟ್ಟೆಯ ಮುದುಕ ಹೆಚ್ಚೋ ಎಂಬ ಜಗಳ. ಮೇಡಂ ಮೂರೂವರೆಗೆ ಒಪ್ಪಿದರು. ಆದರೆ ಅವನನ್ನು ಖಾಯಂ ಮಾಡುವುದಕ್ಕೆ ಮೇಲಿನವರು ಒಪ್ಪಲಿಲ್ಲ, ಕೇಳಿದ್ದು ನಾಲ್ಕಲ್ಲವೇ? ಇನ್ನೂ ಮೂರು ತಿಂಗಳು ನೋಡುತ್ತಾರಂತೆ.

ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡಿ, ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಇದ್ದದ್ದನ್ನು ಇದ್ದಹಾಗೆ ಹೇಳಿದ.

"ಅಷ್ಟೇ ತಾನೇ?" ಎಂದಳು ಅವಳು. "ಅವರು ನೋಡೋದು ಮೂರು ತಿಂಗಳು. ನಾನು ನಿಮ್ಮನ್ನ ಒಂದೂವರೆ ವರ್ಷ ನೋಡಿ, ಆಮೇಲೆ ಹೂಂ ಅಂದೆ."