ಹೆಂಡತಿಗೆ ಹೇಳುವ ಪಾಠ

ಗ್ರೀಸಿನ ಪಾತ್ರಾಸ್ ಬಂದರಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಗಿರಾಕಿಗಳನ್ನು ನೋಡಿಕೊಳ್ಳುವವಳು ತೆಯೋನಿ, ಬಾಗಿಲು ಕಾಯುವವಳು ನಾನು. ಬಂದ ಗಂಡಸು ಯಾರೇ ಆಗಲಿ, ಮೊದಲು ದೀಪದ ಕೆಳಗೆ ನಿಂತು ತೋರಿಸಬೇಕು. ಆಮೇಲೆ ಕಾಂಡೋಮು, ಆಮೇಲೆ ಮಿಕ್ಕಿದ್ದು. ಅಲ್ಲಿ ನಿಂತು ನಾಚಿಕೊಳ್ಳುವವರನ್ನು ಕಂಡರೆ ನನಗೆ ನಗು. ಇನ್ಯಾತಕ್ಕೆ ಬಂದಿರುತ್ತಾರೋ!

ಲಾಂಬ್ರೋಸ್ ಹಳೆಯ ಗಿರಾಕಿ. ಹಡಗಿಗೆ ಲಾರಿ ಏರಿಸಿಕೊಂಡು ಇಟಲಿಗೆ ಕಿತ್ತಳೆ ಒಯ್ಯುತ್ತಾನೆ. ಚಳಿಗಾಲವೆಲ್ಲ ಕಾಣಿಸದವನು ಒಂದು ಮಧ್ಯಾಹ್ನ ಬಂದ. ಕೋಣೆಯಲ್ಲಿ ದನಿ ಏರಿದ್ದು ಕೇಳಿ ನಾನೂ ಇಣುಕಿದೆ.

"ಪ್ಯಾಂಟ್ ಏರಿಸ್ಕೊ," ಎನ್ನುತ್ತಿದ್ದಳು ತೆಯೋನಿ. "ಈ ಹುಣ್ಣು ಸಿಫಿಲಿಸ್ ಥರ ಕಾಣ್ತಿದೆ. ಇವತ್ತೇ ಆಸ್ಪತ್ರೆಗೆ ಹೋಗು."

"ಏ, ಜಿಪ್ ತಾಗಿದ್ದು ಕಣೇ. ಚೂರೂ ನೋವಿಲ್ಲ."

"ನೋವಿಲ್ಲ ಅಂತ್ಲೇ ಹೇಳ್ತಿರೋದು. ಇಟಲೀಲಿ ಕಾಂಡೋಮ್ ಹಾಕಿದ್ಯಾ?"

"ಅಲ್ಲಿಯವಳು ಡಾಕ್ಟರ್ ಹತ್ರ ಚೆಕಪ್ ಮಾಡಿಸ್ಕೊಂಡಿದೀನಿ ಅಂದ್ಲು."

"ಅವಳಿಗೆ ಆಯ್ತು. ನಿನಗಿಂತ ಮುಂಚೆ ಅವಳ ಹತ್ರ ಬಂದವನಿಗೆ ಯಾರು ಚೆಕಪ್ ಮಾಡಿದ್ರು?"

ಗಂಡಸರ ಬುದ್ಧಿಯೇ ಇಷ್ಟು. ಪರೀಕ್ಷೆ ನಮಗೆ ಆಗುತ್ತದೆ, ಧೈರ್ಯ ಅವರಿಗೆ ಬರುತ್ತದೆ.

"ಆಯ್ತು ಮಾರಾಯ್ತಿ, ನಾಳೆ ಹೋಗ್ತೀನಿ," ಎಂದು ನಕ್ಕ. "ಸಿಹಿ ಸುದ್ದಿ ಕೇಳು. ನನ್ನ ಹೆಂಡ್ತಿ ಅರ್ಗಿರೋ ಈಗ ಐದು ತಿಂಗಳ ಬಸುರಿ!"

ತೆಯೋನಿ ಹಾಸಿಗೆಯ ಮೇಲೆ ಕೂತುಬಿಟ್ಟಳು. ಈ ರೋಗ ಹೊಟ್ಟೆಯೊಳಗಿನ ಮಗುವಿಗೂ ಹತ್ತುತ್ತದೆ, ಮಗು ಸಾಯಲೂಬಹುದು, ಅರ್ಗಿರೋಗೆ ಬೇಗ ಪರೀಕ್ಷೆ ಮಾಡಿಸಿ ಇಂಜೆಕ್ಷನ್ ಕೊಡಿಸಿದರೆ ಉಳಿದೀತು ಎಂದು ಬಿಡಿಸಿ ಹೇಳಿದಳು. ಅವನ ಮುಖ ಬಿಳುಚಿಕೊಂಡಿತು.

"ಅವಳಿಗೆ ಹೆಂಗೆ ಹೇಳ್ಲಿ? ಕಾಫೀಲಿ ಏನಾದ್ರೂ ಮಾತ್ರೆ ಹಾಕಿ ಕೊಡ್ಲಾ?"

"ಮಾತ್ರೆ ಗೀತ್ರೆ ಆಗಲ್ಲ. ನಾನೇ ಅರ್ಗಿರೋ ಅಂದ್ಕೊ. ಹೇಳು."

ಅವನು ಬೆವರು ಒರೆಸಿಕೊಂಡ. "ಅರ್ಗಿರೋ, ಊಟ ಆಯ್ತಾ?"

ನಾನು ಕಿಸಕ್ಕೆಂದೆ. ತೆಯೋನಿ ನಗಲಿಲ್ಲ. ಮತ್ತೆ ಹೇಳಿಸಿದಳು, ಮತ್ತೆ ತಡವರಿಸಿದ. ಕೊನೆಗೆ ಬಾಯಿಬಿಟ್ಟ. "ನಂಗೆ ರೋಗ ಬಂದಿರೋ ಹಾಗಿದೆ. ನಿಂಗೂ ಅಂಟಿರಬಹುದು. ಆಸ್ಪತ್ರೆಗೆ ನಡಿ."

"ಯಾರಿಂದ ಬಂತು?"

ಅವನು ಗೊಳೋ ಎಂದು ಅತ್ತ. "ಇಲ್ಲಿಗೆ ಬರೋದು ಅವಳಿಗೆ ಗೊತ್ತು, ಹೆಂಗೋ ಸಹಿಸ್ಕೊಂಡಿದಾಳೆ. ಇಟಲೀದೂ ಗೊತ್ತಾದ್ರೆ ನನ್ನ ಮಾತೇ ಕೇಳಲ್ಲ, ತವರಿಗೆ ಹೊರಟುಹೋಗ್ತಾಳೆ."

"ಹಂಗಾದ್ರೆ ನನ್ನಿಂದ ಬಂತು ಅನ್ನು. ಡಾಕ್ಟರಿಗೆ ಮಾತ್ರ ನಿಜ ಹೇಳು."

ನನಗೆ ಮೈಯೆಲ್ಲ ಉರಿಯಿತು. "ನಿಂಗೇನು ತಲೆ ಕೆಟ್ಟಿದ್ಯೇನೇ? ಊರಲ್ಲಿ ಸುದ್ದಿ ಹಬ್ಬಿದ್ರೆ ಇಲ್ಲಿ ಯಾರು ಕಾಲಿಡ್ತಾರೆ?"

"ಮೊದ್ಲು ಅವಳು ಆಸ್ಪತ್ರೆಗೆ ಹೋಗ್ಲಿ ಅಕ್ಕ."

ಸ್ವಲ್ಪ ದಿನ ಕಳೆದು ಒಬ್ಬ ಬಸುರಿ ಹೆಂಗಸು ಬಾಗಿಲಿಗೆ ಬಂದಳು. ಯಾರೆಂದು ಕೇಳಬೇಕಾಗಲಿಲ್ಲ. ನನ್ನನ್ನು ಸರಿಸಿ ಒಳಗೆ ಬಂದು ತೆಯೋನಿಯ ಮುಖಕ್ಕೆ ಉಗಿದಳು.

"ನಿನ್ನ ವಂಶ ಹಾಳಾಗ!"

ತೆಯೋನಿ ಒರೆಸಿಕೊಳ್ಳಲಿಲ್ಲ. "ಇಂಜೆಕ್ಷನ್ ಹಾಕಿಸ್ಕೊಂಡ್ರಾ?"

ಅರ್ಗಿರೋ ತಬ್ಬಿಬ್ಬಾದಳು. "ಹಾಕಿಸ್ಕೊಂಡೆ."

"ಮಗು?"

"ಒದೀತಿದೆ," ಎಂದಳು, ದನಿ ಇಳಿದುಹೋಗಿತ್ತು. ಮತ್ತೆ ಸಿಟ್ಟು ನೆನಪಾದವಳಂತೆ ತಿರುಗಿ ಹೊರಟಳು.

ಓಣಿಗೆಲ್ಲ ಕೇಳುವ ಹಾಗೆ ನಿಜ ಕೂಗಿಬಿಡೋಣವೆಂದು ನಾನು ಬಾಯಿ ತೆರೆದೆ. ತೆಯೋನಿ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.