ಏಡಿ ಸಾರಿನ ಮೊದಲ ತುತ್ತು

ಚಿಕ್ಕಬೀರಯ್ಯ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸೋಕೂ ಮುಂಚೆ ಏಡಿ ಕೊಲ್ಲೋನು. ಹೊಳೆನರಸೀಪುರದ ಬಸ್ಸಿಳಿದು ಚಾನಲ್ ಏರಿ ಮೇಲೆ ನಡ್ಕೊಂಡು ಬಂದ್ರೆ ಮೊದ್ಲು ಸಿಗೋದೇ ಅವನ ಗದ್ದೆ. ಬದದ ಮೇಲೆ ಗುದ್ಲಿ ಹಿಡ್ಕೊಂಡು ಕಾಯ್ತಾ ನಿಂತಿರೋನು. ಬಿಲದಿಂದ ಏಡಿ ಕಣ್ಣು ಆಚೆ ಹಾಕ್ತೋ, ಬಿತ್ತು ಏಟು. ಚಿಪ್ಪು ಪುಡಿಯಾಗಿ ಅವನ ಮೀಸೆಗೆ ಹಾರೋದು. ಆ ಮೀಸೆನೋ, ಒಂದು ಜೊತೆ ಎತ್ತು ಕಟ್ಟಿದ್ರೂ ಕಿತ್ತು ಬರ್ತಿರ್ನಿಲ್ಲ.

ಅವನ ಸಿಟ್ಟಿಗೂ ಕಾರಣ ಇತ್ತು ಅನ್ನಿ. ಏಡಿ ಎಳೇ ಪೈರು ಕತ್ತರಿಸೋದಲ್ದೆ ಬದಾನೆಲ್ಲ ತೂತು ಮಾಡೋದು. ಇವನು ಸಂಜೆ ಕಟ್ಟಿದ ನೀರು ಬೆಳಗಾಗೋ ಅಷ್ಟರಲ್ಲಿ ಕೆಳಗಿನ ನಂಜಪ್ಪನ ಗದ್ದೆ ಸೇರ್ಕೊಂಡು ತಣ್ಣಗೆ ಕೂತಿರೋದು. ಒಂದಿನ ಇದು ಏಡಿ ಕೆಲ್ಸ ಅಲ್ಲ, ನಂಜಪ್ಪಂದೇ ಕೈವಾಡ ಅಂತ ತಲೇಗೆ ಬಂದ್ಬುಡ್ತು. ಹೋದೋನೆ ಗುದ್ಲಿ ಕಾವಿಂದ ನಂಜಪ್ಪನ ಹಣೆಗೆ ಬಿಟ್ಟ. ಗದ್ದೆ ನೀರೆಲ್ಲ ಕುಂಕುಮ ಕದಡ್ದಂಗೆ ಆಯ್ತು. ನಂಜಪ್ಪ ಏನು ಕಮ್ಮಿನಾ, ಕೆಸರಲ್ಲಿ ಕೆಡವ್ಕೊಂಡು ಇವನ ಕಿವಿ ಕಚ್ದ.

"ಕೆಳಗಿನ ಗದ್ದೆಯೋನು ಕಣ್ಲಾ ನಾನು. ನೀರು ಇಳಿದ್ರೆ ಬ್ಯಾಡ ಅನ್ನೋಕಾಯ್ತದಾ? ನಿನ್ನ ಏಡಿಗೆ ನಾನೇನು ಸಂಬಳ ಕೊಟ್ಟು ಮಡಗಿದ್ದೀನಾ?" ಅಂದ ನಂಜಪ್ಪ, ರಕ್ತ ಉಗುಳ್ತಾ.

ಅವನ ಹೊಸಲು ತುಳಿಯಾಕಿಲ್ಲ ಅಂತ ಚಿಕ್ಕಬೀರಯ್ಯ ಆಣೆ ಇಟ್ಕೊಂಡು ಮನೆಗೆ ಬಂದ. ಮಗಳು ಮಾನಸಾ ತುಂಬಿದ ಬಸುರಿ, ಹೆರಿಗೆಗೆ ಅಂತ ತವರಿಗೆ ಬಂದಿದ್ಲು. ಹೈಸ್ಕೂಲು ಓದಿದೋಳು. ಅಪ್ಪನ ಕಿವಿಗೆ ಅರಿಸಿನ ಮೆತ್ತುತಾ ಮೆಲ್ಲಗೆ ಹೇಳಿದ್ಲು. "ಬಿಸಿಲ್ನ ಪೈರು ಉಣ್ತದೆ ಅಪ್ಪ. ಪೈರ್ನ ಏಡಿ ಉಣ್ತದೆ. ಏಡೀನ ಬೆಳ್ಳಕ್ಕಿ ಉಣ್ತದೆ, ನಾವೂ ಉಣ್ತೀವಿ. ಬಡಿಸೋನು ಆ ಸೂರ್ಯ ಒಬ್ಬನೇ, ಕೂತಿರೋರೆಲ್ಲ ಒಂದೇ ಪಂಕ್ತಿ. ಪಂಕ್ತೀಲಿ ಕೂತೋರ್ನ ಹಿಂಗೆ ಬಡೀತಾ ಹೋದ್ರೆ ಹೆಂಗೆ?"

"ಆ ಸೂರ್ಯ ಬಂದು ನನ್ನ ಬದ ಕಟ್ತಾನೇನವ್ವ? ಅವ್ನು ಮೇಲೆ ಕೂತವ್ನೆ. ಭತ್ತ ಕೈಗೆ ಬರ್ದಿದ್ರೆ ಉಪಾಸ ಬೀಳೋನು ನಾನು," ಅಂದ ಚಿಕ್ಕಬೀರಯ್ಯ. ಅದೂ ಸುಳ್ಳಲ್ಲ.

ಮಾರನೇ ದಿನ ಪೇಟೆಯಿಂದ ವಿಷ ತಂದ. ತೌಡಲ್ಲಿ ಕಲಸಿ ಉಂಡೆ ಮಾಡಿ ಒಂದೊಂದು ಬಿಲಕ್ಕೂ ತುರುಕ್ದ. ಮನೇಲಿ ಬಾಯಿ ಬಿಡ್ಲಿಲ್ಲ. ನೀರಿಗೆ ವಿಷ ಬಿದ್ದದೆ ಅಂತ ನಂಜಪ್ಪನ ಕಿವಿಗೆ ಬಿದ್ರೆ ಇನ್ನೊಂದು ಯುದ್ಧ ಆಯ್ತದೆ ಅಂತ ನುಂಗ್ಕೊಂಡ.

ಮಧ್ಯಾಹ್ನಕ್ಕೆಲ್ಲ ಏಡಿಗಳು ಹೆಂಡ ಕುಡ್ದೋರಂಗೆ ಓಲಾಡ್ತಾ ಬಿಲ ಬಿಟ್ಟು ಬಂದ್ವು, ಒಂದಷ್ಟು ಕಾಲುವೆಗೂ ಉರುಳಿದ್ವು. ಚಿಕ್ಕಬೀರಯ್ಯ ಮೀಸೆ ತಿರುವ್ದ. ಆಮೇಲೆ ಬೆಳ್ಳಕ್ಕಿ ಇಳಿದ್ವು, ಆಕಾಶದ ಮೋಡವೆಲ್ಲ ಕಳಚಿ ಬಿದ್ದಂಗೆ. ಕೈಗೆ ಬಂದ ತುತ್ತು ಅಂತ ನುಂಗಿದ್ದೇ ನುಂಗಿದ್ದು. ಸ್ವಲ್ಪ ಹೊತ್ತಿಗೆ ಒಂದು ಕತ್ತು ತಿರುಚ್ಕೊಂಡು ಕೆಸರಿಗೆ ಬಿತ್ತು, ರೆಕ್ಕೆ ಬಡಿದೂ ಬಡಿದೂ ಸುಮ್ಕಾಯ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಏಡಿ ಸಾಯೋದ್ನ ನಿಂತು ನೋಡ್ದೋನು ಇದನ್ನ ನೋಡ್ಲಾರ್ದೆ ಎಮ್ಮೆ ಹೊಡ್ಕೊಂಡು ಹೊಳೆ ಕಡೆ ಹೊಂಟೋದ.

ಸಂಜೆ ಎಮ್ಮೆ ಕಟ್ಟಿ ಒಳಗೆ ಬಂದ್ರೆ ಮನೆಯೆಲ್ಲ ಘಮಘಮ. ಹೆಂಡ್ತಿ ಬೆಟ್ಟಮ್ಮ ಮಗಳ ಗಂಗಳಕ್ಕೆ ಬಿಸಿ ಮುದ್ದೆ ಇಕ್ಕಿ ಏಡಿ ಸಾರು ಬಿಡ್ತಾ ಇದ್ಲು. ನಂಜಪ್ಪನ ಹೆಂಡ್ತಿ ಕಲ್ಲಮ್ಮ ತಂದುಕೊಟ್ಲಂತೆ. ಗಂಡಸ್ರು ಬಡ್ದಾಡ್ಕೊಂಡ್ರೆ ಬಸುರಿ ಬಯಕೆಗೆ ಯಾಕೆ ಹಗೆ ಅಂದ್ಲಂತೆ. ಇವತ್ತು ಕಾಲುವೇಲಿ ಏಡಿ ಕಚ್ಚೋದೇ ಇಲ್ಲ, ಕೂತಲ್ಲಿಂದ ಬಾಚ್ಕೊಂಡೆ ಅಂತ ನಗಾಡಿದ್ಲಂತೆ.

ಮಾನಸಾ ತುತ್ತು ಮುರಿದು ಸಾರಿಗೆ ಅದ್ದಿದ್ಲು.

ಚಿಕ್ಕಬೀರಯ್ಯ ಕಾಲೆತ್ತಿ ಒದ್ದ. ಗಂಗಳ ಸೂರಿಗೆ ಬಡೀತು. ಮಗಳ ಕೈಗೂ ಒಂದು ಏಟು ಹಾಕ್ದ, ತುತ್ತು ಅತ್ಲಾಗೆ ಬಿತ್ತು. ಒಲೆ ಮೇಲಿನ ಗಡಿಗೇನೂ ಒದ್ದ, ಅದು ಒಡ್ದು ಬೆಂಕಿಯೆಲ್ಲ ಆರೋಯ್ತು. ಬೆಟ್ಟಮ್ಮ ಎದೆ ಬಡ್ಕೊಂಡ್ಲು. "ಹಗೆ ಮನೇದು ಅಂತ ಬಸುರಿ ಬಾಯಿಂದ ಕಿತ್ಕೊಂಡ್ಯಲ್ಲ, ನೀನೇನು ಮನುಷ್ಯನಾ, ರಾಕ್ಷಸನಾ?"

ಅಷ್ಟರಲ್ಲಿ ಗೂಡಿಗೆ ಬಂದಿದ್ದ ಕೋಳಿ ಚೆಲ್ಲಿದ್ದನ್ನ ಕುಕ್ಕಿತ್ತು. ಬಾಗ್ಲು ದಾಟಲಿಲ್ಲ, ಕಾಲು ಸೆಟೆದು ಅಲ್ಲೇ ಬಿತ್ತು.

ಬೆಟ್ಟಮ್ಮ ಕೋಳೀನ ನೋಡಿದ್ಲು, ಗಂಡನ್ನ ನೋಡಿದ್ಲು. "ಅರ್ಧ ಏಡೀನ ಕಲ್ಲಮ್ಮನ ಮನೇಲೂ ಸಾರು ಮಾಡವ್ರೆ," ಅಂದ್ಲು.

ಆ ವಯಸ್ಸಲ್ಲಿ ಅವನು ಓಡಿದ್ದು ನೋಡಿದ್ರೆ ಪೇಟೆ ಬಸ್ಸು ನಾಚ್ಕೊಂಡು ನಿಲ್ಲೋದು. ಆಣೆ ಇಟ್ಟ ಹೊಸಲು ಒಂದೇ ನೆಗೆತಕ್ಕೆ ದಾಟಿ, ನಂಜಪ್ಪನ ಒಲೆ ಮೇಲೆ ಕುದೀತಿದ್ದ ಗಡಿಗೇನ ಬರಿಗೈಲಿ ತಬ್ಕೊಂಡ. ಹಗೆಯೋನು ಮನೆ ನುಗ್ಗಿದ್ರೆ ಯಾರು ಸುಮ್ಕಿರ್ತಾರೆ? ನಂಜಪ್ಪ ಸೌದೆ ತಗೊಂಡು ಬೆನ್ನಿಗೆ ಹಾಕ್ದ. ಹೆಗಲಿಗೆ ಹಾಕ್ದ. ಮೂಳೆ ಲಟಕ್ ಅಂದದ್ದು ಅರಕಲಗೂಡಿಗೂ ಕೇಳಿರ್ಬೇಕು. ಚಿಕ್ಕಬೀರಯ್ಯ ಗಡಿಗೆ ಬಿಡ್ಲಿಲ್ಲ. ಅಂಗೈ ಸುಲಿದು ಬರ್ತಿದ್ರೂ ಹಿತ್ಲಿಗೆ ಎಳ್ಕೊಂಡೋಗಿ ತಿಪ್ಪೆಗೆ ಕವುಚ್ದ.

"ಇನ್ನೂ ನಾಕು ಹೊಡಿ," ಅಂದ ಕುಕ್ಕರಗಾಲಲ್ಲಿ ಕೂತು. "ಮೊದ್ಲು ಹೇಳು ನಂಜಪ್ಪ, ಯಾರಾದ್ರೂ ಉಂಡ್ರಾ?"

ಉಂಡಿರ್ನಿಲ್ಲ. ಕೇಳಿ ತಿಳ್ಕೊಂಡ ಮೇಲೆ ನಂಜಪ್ಪನ ಕೈಲಿದ್ದ ಸೌದೆ ಜಾರ್ತು. ಕಲ್ಲಮ್ಮ ಸುಟ್ಟ ಕೈಗೆ ತಣ್ಣೀರು ಉಯ್ದ್ಲು.

ಆ ವರ್ಷ ಗದ್ದೆಗೆ ಒಂದೂ ಬೆಳ್ಳಕ್ಕಿ ಇಳೀಲಿಲ್ಲ. ಹುಳ ಬಿದ್ದು ಭತ್ತ ಅರ್ಧಕ್ಕರ್ಧ ಜೊಳ್ಳು. ಮುಂದಿನ ನಾಟಿಗೆ ಚಿಕ್ಕಬೀರಯ್ಯ ಗುದ್ಲಿ ಹಿಡಿದ, ಆದ್ರೆ ಬದಕ್ಕೆ ಜೇಡಿಮಣ್ಣು ಮೆತ್ತೋಕೆ. ಆ ಕಡೆಯಿಂದ ನಂಜಪ್ಪ ಮೆತ್ತೋನು, ಈ ಕಡೆಯಿಂದ ಇವನು. ಬಯ್ದಾಟ ಮಾತ್ರ ಹಂಗೇ ಇತ್ತು.

ಬೆಳ್ಳಕ್ಕಿ ಮತ್ತೆ ಇಳಿದ ದಿನ ಕಲ್ಲಮ್ಮ ಏಡಿ ತಂದ್ಲು. ಕಾಲುವೇದು ಬ್ಯಾಡ, ಯಾರ ಗದ್ದೆ ವಿಷ ಬಂದಿರ್ತದೋ, ನನ್ನ ಗದ್ದೇದು ಹಿಡಿ ಅಂತ ಚಿಕ್ಕಬೀರಯ್ಯನೇ ಹೇಳಿದ್ದ. ಸಾರು ಆಯ್ತು. ತವರಿಗೆ ಬಂದಿದ್ದ ಮಾನಸಾ ಕೂಸ್ನ ತೊಡೆ ಮೇಲೆ ಹಾಕ್ಕೊಂಡು ಗಂಗಳ ಎಳ್ಕೊಂಡ್ಲು.

"ತಡಿ," ಅಂದ ಅಪ್ಪ.

ಅವಳ ಗಂಗಳದಿಂದಲೇ ಒಂದು ತುತ್ತು ಮುರಿದು, ಸಾರಲ್ಲಿ ಪೂರ್ತಿ ಮುಳುಗಿಸಿ, ನುಂಗ್ದ. ಜಗಲಿ ಮೇಲೆ ಹೋಗಿ ಬಿಸಿಲಲ್ಲಿ ಕೂತ. ಯಾರೂ ಉಣ್ಲಿಲ್ಲ, ಯಾರೂ ನಗ್ಲಿಲ್ಲ. ಕಂಬದ ನೆರಳು ಅವನ ಕಾಲು ದಾಟಿ ಅತ್ಲಾಗೆ ಸರೀತು.

"ಈಗ ಉಣ್ಣಿ," ಅಂದ.